ಮರಗೆಲಸದ ಕೋಣೆಯ ಒದ್ದೆ ನೆಲ

ಅಕ್ಕಾ,

ನಾನು ಲ್ಯಾಬಿಗೆ ಹೊರಟೆ. ನಿನ್ನ ಮರಗೆಲಸದ ಕೋಣೆಯ ಕಾಂಕ್ರೀಟ್ ನೆಲಕ್ಕೆ ಇವತ್ತು ಬಣ್ಣ ಬಳಿಯಬೇಡ, ದಮ್ಮಯ್ಯ. "ಒಣಗಿದೆ ಕಣೋ, ಕೈಯಿಟ್ರೆ ಗೊತ್ತಾಗಲ್ವಾ?" ಅನ್ನುತ್ತೀಯ. ಒಣಗಿರುವುದು ಮೇಲೆ ಮಾತ್ರ, ಒಳಗಿನ್ನೂ ತೇವವಿದೆ. ಹೋದ ಸಲ ಬಣ್ಣವೆಲ್ಲ ಪೊರೆಯಂತೆ ಎದ್ದದ್ದು ಅದಕ್ಕೇ. ಕೂತು ಕೆರೆದು ತೆಗೆದವನು ನಾನು.

ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿದ್ದೇನೆ. ನಾಳೆ ಬೆಳಿಗ್ಗೆ ಅದರಡಿ ಹನಿ ಕಾಣದಿದ್ದರೆ ಇಬ್ಬರೂ ಸೇರಿ ಬಳಿಯೋಣ. ನಡುವೆ ಎತ್ತಿ ಇಣುಕಿದರೆ ತೇವ ಗಾಳಿಗೆ ಆರಿಹೋಗಿ ಪರೀಕ್ಷೆಯೇ ಕೆಡುತ್ತದೆ. ನಿನ್ನೆ ಕೆಟ್ಟದ್ದೂ ಹಾಗೇ, ಮಹಾತಾಯಿ!

ಬೇಕಿದ್ದರೆ ಗುಡಿಸು, ನೀರು ಹಾಕಬೇಡ.

ನೀನು ಸುಮ್ಮನೆ ಕೂರುವವಳಲ್ಲ ಎಂದು ಗೊತ್ತು. ಅದಕ್ಕೇ ಬಾಗಿಲ ಬಳಿ ಇನ್ನೊಂದು ಹಾಳೆ ಅಂಟಿಸಿದ್ದೇನೆ. ಅದು ನಿನ್ನದು, ಮನಸ್ಸು ತಣಿಯುವಷ್ಟು ಸಲ ಎತ್ತಿ ನೋಡು.