ಬೇಡಾದವನಿಗೊಂದು ಹೆಸರು

ಸ್ಯಾನ್ ಡಿಯೇಗೊ, ಮಾರ್ಚ್ ೨೦೦೬

ಗಾಜಿನ ಪೆಟ್ಟಿಗೆಯೊಳಗಿರುವ ಮೊಮ್ಮಗನೇ,

ತಿಂಗಳು ತುಂಬುವ ಮೊದಲೇ ಬಂದ ನಿನ್ನ ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ 'ಬೇಬಿ ಬಾಯ್' ಎಂದಿದೆ. ಕಂಡಾಗಲೆಲ್ಲ ಸಿಟ್ಟು ನೆತ್ತಿಗೇರುತ್ತದೆ. ಜೀವಕ್ಕಾಗಿ ಹೋರಾಡುವವನನ್ನು ಹೀಗೆ ಕೂಗುವುದೇ? ಆದರೆ ಆಸ್ಪತ್ರೆಯವರನ್ನು ಬೈದು ಏನು ಬಂತು, ಹೆಸರು ಬೇಡ ಎಂದವಳು ನಿನ್ನ ತಾಯಿ, ನನ್ನ ಮಗಳು ರಜನಿ. "ಛಂದ ಛಂದ ಹೆಸರಿಟ್ಟ ಎರಡೂ ಕೂಸು ಹೋದವು ಅಪ್ಪಾ. ಇದಕ್ಕ ಇಡಂಗಿಲ್ಲ" ಎಂದು ಗೋಡೆ ಕಡೆ ತಿರುಗಿದಳು.

ನಿನ್ನಪ್ಪ ಬ್ರಾನಿಸ್ಲಾವ್ ಸರ್ಬಿಯಾದವನು. ಕಾಯುವುದು, ಕೀರ್ತಿ ಎಂಬ ಎರಡು ಮಾತು ಬೆಸೆದ ಹೆಸರು ಅವನದು; ಹಳೆಯ ಸ್ಲಾವ್ ಜನ ಹೀಗೆ ಹಾರೈಕೆಗಳನ್ನೇ ಜೋಡಿಸಿ ಹೆಸರಿಡುತ್ತಿದ್ದರು. ಆಮೇಲೆ ಚರ್ಚು ಸಂತರ ಹೆಸರುಗಳನ್ನು ತಂದಿತು. ಹಳೆಯವನ್ನೂ ಜನ ಪೂರ್ತಿ ಬಿಡಲಿಲ್ಲ. ಇಷ್ಟು ನಾನು ಓದಿದ್ದೆ. ಓದದೆ ಉಳಿದದ್ದನ್ನು ನಿನ್ನೆ ಆಸ್ಪತ್ರೆಯ ಕಾರಿಡಾರಿನಲ್ಲಿ ಅವನು ಹೇಳಿದ: ಮಕ್ಕಳು ಉಳಿಯದ ಮನೆಯಲ್ಲಿ ಹಾರೈಕೆಯ ಹೆಸರು ಇಡುತ್ತಿರಲಿಲ್ಲವಂತೆ. ವುಕ್, ಅಂದರೆ ತೋಳ, ಎಂದು ಕರೆದರೆ ಕೂಸು ತಿನ್ನುವ ಮಾಟಗಾತಿ ಹೆದರುತ್ತಾಳೆ. ನೆನಾದ್, ಅಂದರೆ ಯಾರೂ ಎದುರು ನೋಡದೆ ಬಂದವನು, ಎಂದರೆ ಇವನು ಇವರಿಗೇ ಬೇಕಿಲ್ಲವೆಂದು ಸಾವೂ ಮುಂದೆ ಹೋಗುತ್ತದೆ.

ನಾನು ಬೆಚ್ಚಿದೆ. ನನ್ನ ಅಪ್ಪನ ಹೆಸರು ತಿಪ್ಪಣ್ಣ. ಹಿಂದಿನ ಕೂಸುಗಳು ಸತ್ತಿದ್ದಕ್ಕೆ ನಮ್ಮಜ್ಜಿ ಅವನನ್ನು ತಿಪ್ಪೆಯ ಮೇಲೆ ಉರುಳಿಸಿ, ಕಸವೆಂಬಂತೆ ಎತ್ತಿಕೊಂಡು ಬಂದಿದ್ದಳು. ಇಂಥದ್ದನ್ನು ಮೌಢ್ಯವೆನ್ನಲು ಈಗ ನನ್ನಲ್ಲಿ ಶಕ್ತಿಯಿಲ್ಲ.

ಇಲ್ಲೇ ಕ್ಯಾಲಿಫೋರ್ನಿಯಾದ ಡೈಮಂಡ್ ಬಾರ್ ಎಂಬ ಊರಿನಿಂದ ನನ್ನ ತಂಗಿ ಸಾವಿತ್ರವ್ವ ಫೋನ್ ಮಾಡಿದಾಗ, ಕೂಸಿಗೆ ನೆನಾದ್ ಎಂದು ಇಡೋಣವೆಂದೆ.

"ನಿನಾದನಾ? ಭಾಳ ಛಂದ ಅದ ಬಿಡಣ್ಣಾ! ಸಂಗೀತಗಾರ ಆಗ್ತಾನ!"

"ಛಂದ ಇರಬಾರದವಾ ನಮ್ಮವ್ವಾ!" ಎಂದು ಕೂಗಿಬಿಟ್ಟೆ. ನರ್ಸು ಹೊರಬಂದು ನೋಡಿದಳು. ಕನ್ನಡದ ಕಿವಿಗೆ ಬಿದ್ದು ಆ ಹೆಸರು ಕೆಟ್ಟಿತು. ನಮ್ಮವರೆಲ್ಲ ಮುದ್ದಾಗಿ ಕರೆದಾರು, ಸಾವಿಗೆ ಕೇಳಿಸೀತು. ತೋಳ ಎಂದು ಕರೆಯೋಣವೆಂದರೆ ರಜನಿ, "ಇಲಿಮರಿಯಷ್ಟ ಅದ, ಯಾರು ಅಂಜತಾರ?" ಎಂದಳು.

ಇಂದು ಬೆಳಿಗ್ಗೆ ನಿನ್ನ ಉಸಿರು ಮತ್ತೆ ಮತ್ತೆ ನಿಂತಿತು. ಆಗ ನಿನ್ನಪ್ಪ ಇನ್ನೊಂದು ಹಳೆಯ ಹೆಸರು ಹೇಳಿದ: ನೆಮಿಲ್. ಮುದ್ದಲ್ಲದವನು, ಬೇಡಾದವನು. ರಜನಿ ಪೆಟ್ಟಿಗೆಯ ಕಿಂಡಿಯಲ್ಲಿ ಕೈ ಹಾಕಿ ನಿನ್ನ ಪಾದ ಹಿಡಿದು, "ನೆಮಿಲ್, ನೀ ನನಗ ಬ್ಯಾಡ" ಎಂದಳು. ಹಿಡಿದ ಪಾದವನ್ನು ಬಿಡಲಿಲ್ಲ.

ಹಾಗಾಗಿ ನನ್ನ ಆಶೀರ್ವಾದವೂ ನಿನಗಿಲ್ಲ. ನಿನಗಾಗಿ ಇಲ್ಲಿ ಯಾರೂ ಅಳುತ್ತಿಲ್ಲ, ಯಾರೂ ಕಾದಿಲ್ಲ. ಈ ಪೆಟ್ಟಿಗೆಯಲ್ಲಿ ಒಯ್ಯುವಂಥದ್ದು ಏನೂ ಇಲ್ಲ.

ನಿನಗೆ ಯಾರೂ ಅಲ್ಲದ,
ಸಂಗನಬಸಪ್ಪ