ಮುರುಗೇಶನ ತೆಪ್ಪದವರೆಗೆ, ಕಡಿಮೆ ಖರ್ಚಿನಲ್ಲಿ

ಅಕ್ಟೋಬರ್ 19, ಶನಿವಾರ. ಯಶವಂತನಗರ

ಗಣಿಯಲ್ಲಿ ಫಸ್ಟ್ ಶಿಫ್ಟ್ ಮುಗಿಸಿ ರೂಮಿಗೆ ಬಂದೆ. ಮೂಗು ಸೀನಿದರೆ ಕೆಂಪು ಧೂಳು. ಇಡೀ ದಿನ ಎಕ್ಸಕವೇಟರ್ ಸೀಟಿನಲ್ಲಿ ಕೂತು ಸೊಂಟ ಹಿಡಿದಿದೆ.

ಅನ್ನ ತಿನ್ನುತ್ತಾ ಮೊಬೈಲ್ ನೋಡುತ್ತಿದ್ದೆ. ಯಾವುದೋ ಹುಡುಗಿಯ ವಿಡಿಯೋ, ಹಿಂದಿಯವಳು. ಮೆಕ್ಸಿಕೋದ ಮೂಲೆಯ ಒಂದು ಬೀಚಿಗೆ ಕಡಿಮೆ ಖರ್ಚಿನಲ್ಲಿ ಹೋಗುವುದು ಹೇಗೆ ಅಂತ. ಯಾವ ಬಸ್ಸು, ಯಾವ ವ್ಯಾನು, ಎಲ್ಲಿ ಚೌಕಾಸಿ ಮಾಡಬೇಕು... ನನಗ್ಯಾಕೆ ಅಂತ ಮುಂದೆ ತಳ್ಳುವವನಿದ್ದೆ. ಕೊನೆಗೆ ಒಂದು ಹಿನ್ನೀರು ಬಂತು. ಅದರ ಮೇಲೆ ತೆಪ್ಪ.

ನಮ್ಮ ತೆಪ್ಪ. ಬಿದಿರು ಹೆಣೆದದ್ದು, ದುಂಡಗೆ, ಅಡಿಗೆ ಡಾಂಬರು ಬಳಿದದ್ದು. ಅಂಚಿನಲ್ಲಿ ಒಂದು ಕಡ್ಡಿ ಗೇಣುದ್ದ ಹೊರಗೆ ಬಿಟ್ಟಿದೆ, ಬುತ್ತಿ ತೂಗುಹಾಕಲು. ಹಾಗೆ ಬಿಡುತ್ತಿದ್ದವನು ಇಡೀ ಕಂಪ್ಲಿಯಲ್ಲಿ ನಮ್ಮಪ್ಪ ಜಂಬಯ್ಯ ಒಬ್ಬನೇ. ಅವನ ಕೈಯಲ್ಲಿ ತೆಪ್ಪ ಹೆಣೆಯಲು ಕಲಿತವರು ಮೂವರು. ನಾನು. ತಮ್ಮ ಯಲ್ಲೇಶ. ಆಮೇಲೆ ನಮ್ಮ ಮನೆಯ ಅನ್ನ ತಿಂದು ಬೆಳೆದ ಮುರುಗೇಶ.

ಅಪ್ಪ ಹೋದ. ಯಲ್ಲೇಶನನ್ನು ಮುರುಗೇಶ ಕೊಂದ.

ಹುಟ್ಟು ಹಾಕುತ್ತಿದ್ದವನ ಮುಖ ಕಾಣಲಿಲ್ಲ, ಬೆನ್ನಷ್ಟೇ. ಬೆನ್ನು ಸಾಕು ನನಗೆ. ತಟ್ಟೆ ಎತ್ತಿ ಗೋಡೆಗೆ ಹೊಡೆದೆ. ಪಕ್ಕದ ರೂಮಿನವರು ಬಂದು ಏನಾಯಿತು ಅಂದರು. ಕೈ ಜಾರಿತು ಅಂದೆ.

ಅಕ್ಟೋಬರ್ 20, ಭಾನುವಾರ. ಕಂಪ್ಲಿ

ಅವ್ವನಿಗೆ ವಿಡಿಯೋ ತೋರಿಸಿದೆ. ಫೋನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಮತ್ತೆ ಹಾಕು ಅಂದಳು. ಆಮೇಲೆ ಸ್ಕ್ರೀನಿನ ಮೇಲೆ ಥೂ ಅಂತ ಉಗಿದು, ಸೆರಗಿನಿಂದ ಒರೆಸಿ ವಾಪಸ್ ಕೊಟ್ಟಳು.

"ಭಾಳ ದಪ್ಪ ಆಗ್ಯಾನ" ಅಂದಳು. "ಎಷ್ಟು ದೂರ ಐತಿ?"

"ಭೂಮಿ ಆ ಕಡೀಗೆ."

"ಬಸ್ ಹೊಕ್ಕಾವೇನು?"

"ಇಮಾನ. ಆಮ್ಯಾಲೆ ಬಸ್ಸು. ಆಮ್ಯಾಲೆ ನೀರು."

ಅವ್ವ ಮತ್ತೆ ಜೋಳದ ಹಿಟ್ಟು ನಾದಲು ಶುರು ಮಾಡಿದಳು. "ಹೋಗಿ ಮುಗಿಸಿ ಬಾ" ಅಂದಳು. ಅಂಗಡಿಗೆ ಹೋಗಿ ಉಪ್ಪು ತಾ ಅಂದ ಹಾಗೆ.

ಅಕ್ಟೋಬರ್ 27, ಭಾನುವಾರ. ಹಂಪಿ

ಯಲ್ಲೇಶನನ್ನು ಹೊರಗೆ ಎಳೆದ ಬಂಡೆಯ ಹತ್ತಿರ ಕೂತಿದ್ದೆ. ಫಾರಿನರ್ಸ್ ಫೋಟೋ ತೆಗೆಯುತ್ತಿದ್ದರು. ಅವರ ಫೋಟೋದಲ್ಲಿ ನಾನೂ ಬಿದ್ದಿರಬೇಕು, ಹಲ್ಲು ಕಚ್ಚಿಕೊಂಡು.

ಎಂಟು ವರ್ಷ. ಇಬ್ಬರೂ ಇಲ್ಲಿ ಟೂರಿಸ್ಟರಿಗೆ ತೆಪ್ಪ ಬಿಡುತ್ತಿದ್ದರು. ಸರದಿ ಯಾರದು ಅಂತ ಜಗಳ. ಬರೀ ಸರದಿ. ಮುರುಗೇಶ ಹುಟ್ಟು ಎತ್ತಿ ಬೀಸಿದ. ಬಲಗಿವಿಯ ಹಿಂದೆ. ಹೆಣಕ್ಕೆ ನೀರು ಹಾಕಿದವನು ನಾನು. ಹುಟ್ಟಿನ ಅಂಚು ಎಷ್ಟು ದಪ್ಪವೋ ಗಾಯ ಅಷ್ಟೇ ಅಗಲ, ಒಳಗೆ ಬೆರಳು ಹೋಗುತ್ತಿತ್ತು. ನೋಡಿದ ತೆಪ್ಪದವರೆಲ್ಲ ಪೊಲೀಸರ ಮುಂದೆ ಬಾಯಿಗೆ ಬೀಗ ಹಾಕಿಕೊಂಡರು. ತಿಥಿ ಮುಗಿಯುವ ಮೊದಲೇ ಮುರುಗೇಶ ನಾಪತ್ತೆ. ಗೆಸ್ಟ್‌ಹೌಸಿನಲ್ಲಿದ್ದ ಫಾರಿನ್ ಹೆಂಗಸಿನ ಜೊತೆ ಗೋವಾಕ್ಕೆ ಹೋದ ಅಂತ ಸುದ್ದಿ. ಆಮೇಲೆ ಅದೂ ಇಲ್ಲ.

ಈಗ ಸಿಕ್ಕಿದ್ದಾನೆ. ವಿಡಿಯೋ ಹುಡುಗಿಗೆ ದೇವರು ಒಳ್ಳೆಯದು ಮಾಡಲಿ.

ಬೀಚಿನ ಹೆಸರು ಇಲ್ಲಿ ಬರೆಯುವುದಿಲ್ಲ.

ನವೆಂಬರ್ 30

ವೀಸಾ ಬಂತು. ಪಾಸ್‌ಪೋರ್ಟ್ ಹಿಂದೆಯೇ ಮಾಡಿಸಿಟ್ಟಿದ್ದೆ, ಗಲ್ಫ್ ಕೆಲಸಕ್ಕೆ ಅಂತ. ಬೈಕು ಮಾರಿದೆ. ಇಸ್ತಾಂಬುಲ್ ಮೇಲೆ ಹೋಗುವ ಟಿಕೆಟ್ಟೇ ಅಗ್ಗ. ಕ್ಯಾಬಿನ್ ಬ್ಯಾಗ್ ಒಂದೇ ಒಯ್ಯಬೇಕು, ಚೆಕ್‌ಇನ್ ಮಾಡಿದರೆ ದುಡ್ಡು ದಂಡ ಅಂತಾಳೆ ಹುಡುಗಿ. ಕ್ಯಾಬಿನ್ ಬ್ಯಾಗಿನಲ್ಲಿ ಚಾಕು ಬಿಡುವುದಿಲ್ಲ.

ಬೇಕಾಗಿಲ್ಲ. ಹುಟ್ಟು ಅವನ ಹತ್ತಿರವೇ ಇದೆ. ಅದರಲ್ಲೇ.

ಮೊಬೈಲ್ ಆ್ಯಪಿನಲ್ಲಿ ಸ್ಪ್ಯಾನಿಶ್ ಕಲಿಯುತ್ತಿದ್ದೇನೆ. ನನಗೆ ನೀರು ಬೇಕು. ಬಸ್ಸು ಎಲ್ಲಿದೆ. ಹುಡುಗ ಬಿದ್ದ. ಹುಡುಗಿ ಓಡಿದಳು.

ಡಿಸೆಂಬರ್ 21

ಮನೋಹರನಿಗೆ ಹೊಡೆದೆ. ನನ್ನ ಶಿಫ್ಟಿನ ಡಂಪರ್ ಡ್ರೈವರ್. ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ, "ಏನ್ಲೇ ಮಾರೇಶ, ಬೀಚಿಗೆ ಹೊಂಟಿಯಂತ? ಚಡ್ಡಿ ತಗಂಡಿ?" ಅಂದ. ಬರೀ ತಮಾಷೆ. ಅವನಿಗೇನು ಗೊತ್ತು. ಎಲ್ಲರೂ ನಕ್ಕರು. ಸ್ಟೀಲ್ ಜಗ್ಗು ಕೈಗೆ ಬಂತು. ಹುಬ್ಬು ಸೀಳಿತು, ಸಾಂಬಾರಿನಲ್ಲಿ ರಕ್ತ. ಅವನು ಬಿದ್ದ ಮೇಲೂ ಹೊಡೆದೆ. ಮೂರು ಜನ ಹಿಡಿದು ಎಳೆದರು.

ಗೇಟ್ ಪಾಸ್ ಕಿತ್ತುಕೊಂಡರು. ಹತ್ತು ವರ್ಷದ ಕೆಲಸ.

ಕೆಲಸ ಹೋದದ್ದಕ್ಕೆ ಬೇಜಾರಿಲ್ಲ. ಅವನು ಕೆಳಗೆ ಬಿದ್ದು ಮುಖ ಮುಚ್ಚಿಕೊಂಡಾಗ ನನಗೆ ಮಸ್ತ್ ಅನಿಸಿತು. ಅದನ್ನು ಇಲ್ಲಿ ಬಿಟ್ಟು ಬೇರೆ ಎಲ್ಲಿ ಬರೆಯಲಿ.

ಜನವರಿ 11. ಹೊಸಪೇಟೆ ಸ್ಟೇಷನ್

ಅವ್ವ ಬಂದಿದ್ದಾಳೆ ಬಿಡಲು. ರೊಟ್ಟಿ, ಶೇಂಗಾ ಚಟ್ನಿ, ಸಂಕ್ರಾಂತಿಯ ಎಳ್ಳು. ಬ್ಯಾಗಿನ ತೂಕವೆಲ್ಲ ಅದೇ. ಟ್ರೈನು ಬರುವವರೆಗೂ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಹಾಕಿದಳು. ಹುಷಾರು ಅನ್ನಲಿಲ್ಲ.

"ಸತ್ತ ಮ್ಯಾಲೆ ಫೋನ್ ಮಾಡು" ಅಂದಳು. ಪಕ್ಕದಲ್ಲಿ ಕೂತಿದ್ದ ಮುದುಕ ತಿರುಗಿ ನೋಡಿದ.

ಜನವರಿ 14. ಮೆಕ್ಸಿಕೋ ಸಿಟಿ, ಬಸ್ ಸ್ಟ್ಯಾಂಡ್

ಮುಂಬೈ, ಇಸ್ತಾಂಬುಲ್, ಇಲ್ಲಿ. ಕಾಲು ಊದಿವೆ. ಏರ್‌ಪೋರ್ಟಿನಲ್ಲಿ ಎಳ್ಳು ಕಿತ್ತುಕೊಂಡು ಡಬ್ಬಕ್ಕೆ ಹಾಕಿದರು.

ಹುಡುಗಿ ಹೇಳಿದ ಹಾಗೆ ಟ್ಯಾಕ್ಸಿ ಹತ್ತಲಿಲ್ಲ, ಮೆಟ್ರೋ ಹತ್ತಿದೆ. ಮೆಟ್ಟಿಲ ಹತ್ತಿರ ಒಬ್ಬ ನನ್ನ ಬ್ಯಾಗಿಗೆ ಕೈ ಹಾಕಿದ. ಎಳೆದ. ನಾನೂ ಎಳೆದೆ. ಅವನ ತಲೆ ಹಿಡಿದು ಕಂಬಿಗೆ ಗುದ್ದಿದೆ. ಮತ್ತೊಮ್ಮೆ. ಮೂಗು ಚಪ್ಪಟೆ ಆಯಿತು. ಅವನು ಅಮ್ಮನನ್ನು ಕರೆದ. ಅಮ್ಮ ಅನ್ನುವುದು ಇಲ್ಲೂ ಹೆಚ್ಚು ಕಡಿಮೆ ಹಾಗೇ ಕೇಳಿಸುತ್ತದೆ. ಬಿಟ್ಟು ಓಡಿದೆ.

ಬ್ಯಾಗಿನಲ್ಲಿ ಇದ್ದದ್ದು ರೊಟ್ಟಿ, ಎರಡು ಅಂಗಿ.

ಜನವರಿ 15

ಸೆಕೆಂಡ್ ಕ್ಲಾಸ್ ಬಸ್ಸು. ಗುಡ್ಡ, ತಿರುವು, ಮತ್ತೆ ಗುಡ್ಡ. ಸಂಡೂರಿನ ಘಾಟಿ ಇದರ ಮುಂದೆ ಏನೂ ಅಲ್ಲ. ಪಕ್ಕದ ಹೆಂಗಸು ಪ್ಲಾಸ್ಟಿಕ್ ಚೀಲದಲ್ಲಿ ವಾಂತಿ ಮಾಡಿ, ಬಾಯಿ ಒರೆಸಿ, ನನಗೆ ಕಿತ್ತಳೆ ಕೊಟ್ಟಳು. ತಿಂದೆ. ರೊಟ್ಟಿ ಕೊಟ್ಟೆ. ತಿಂದಳು. ಯಾಕೆ ಬಂದಿದ್ದೀ ಅಂತ ಕೇಳಿದಳೋ ಏನೋ. ಸಮುದ್ರ ನೋಡಲು ಅಂದೆ.

ಜನವರಿ 16, ಸಂಜೆ

ಸಮುದ್ರದ ಪಕ್ಕದ ಊರಿನಿಂದ ಶೇರ್ ವ್ಯಾನು. ಕ್ರಾಸಿನಲ್ಲಿ ಇಳಿದು ಪಿಕಪ್ ಗಾಡಿ, ಹಿಂದೆ ಎರಡು ಹಲಗೆ, ಕೋಳಿಗಳ ಜೊತೆ. ಮಣ್ಣಿನ ರಸ್ತೆ ಹಿನ್ನೀರಿನಲ್ಲಿ ಮುಗಿಯುತ್ತದೆ. ನಾಲ್ಕು ಗುಡಿಸಲು, ಒಂದು ಆರೋಗ್ಯ ಕೇಂದ್ರ, ಒಂದು ಪೊಲೀಸ್ ಚೌಕಿ. ಆಚೆ ದಡದಲ್ಲಿ ತೆಂಗಿನ ಮರ. ಅದರಾಚೆ ಸಮುದ್ರದ ಸದ್ದು.

ಮೋಟಾರ್ ದೋಣಿಯವರು ಬಾಯಿಗೆ ಬಂದಷ್ಟು ಕೇಳುತ್ತಾರೆ, ದುಂಡು ದೋಣಿಯವನಿಗೆ ಬೆಳಿಗ್ಗೆವರೆಗೆ ಕಾಯಿರಿ ಅಂತ ಹುಡುಗಿ ಹೇಳಿದ್ದಾಳೆ. ನಗುವ ಮನುಷ್ಯ, ಭಾಳ ಒಳ್ಳೆಯವನು ಅಂತಲೂ ಹೇಳಿದ್ದಾಳೆ.

ಕಾಯುತ್ತೇನೆ. ಇಷ್ಟು ಕಾದವನಿಗೆ ಇದೇನು.

ಜನವರಿ 17, ಬೆಳಿಗ್ಗೆ 6

ಬರುತ್ತಿದೆ. ಒಬ್ಬನೇ ಇದ್ದಾನೆ. ಹುಟ್ಟು ಎಡಕ್ಕೆ ಒಂದು, ಬಲಕ್ಕೆ ಒಂದು... ಅಪ್ಪ ಕಲಿಸಿದ ಹಾಗೆ. ಅಪ್ಪನ ಅನ್ನ ತಿಂದ ನಾಯಿ.

ಜನವರಿ 17, ಸಂಜೆ 4. ಆರೋಗ್ಯ ಕೇಂದ್ರದ ಜಗಲಿ

ಅಂಗಿಯ ತುಂಬ ಅವನ ರಕ್ತ. ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಟೋಪಿ, ಮಾಸ್ಕು, ಕಪ್ಪು ಕನ್ನಡಕ ಎಲ್ಲ ಹಾಕಿದ್ದೆ. ಹಲೋ ಅಂದೆ. ಅವನೂ ಹಲೋ ಅಂದ, ಗುರುತು ಹತ್ತಲಿಲ್ಲ. ಆಮೇಲೆ ತೆಪ್ಪ ಹತ್ತುವಾಗ ಬಗ್ಗಿ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಬೇಕಂತ ಮಾಡಿದ್ದಲ್ಲ. ಹೊಳೆಯ ಗಂಗವ್ವನಿಗೆ ಕೈ ಮುಗಿಯದೆ ನಾವು ಯಾರೂ ತೆಪ್ಪಕ್ಕೆ ಕಾಲಿಡುವುದಿಲ್ಲ, ಹಾಲು ಕುಡಿಯುವ ವಯಸ್ಸಿನಿಂದ ರೂಢಿ. ಯಾವ ಟೂರಿಸ್ಟ್ ಹಾಗೆ ಮಾಡುತ್ತಾನೆ? ಭೂಮಿ ಸುತ್ತಿ ಬಂದು ಕೊನೆಗೆ ಕೈಯೇ ಕೆಡಿಸಿತು.

ಹುಟ್ಟು ನಿಂತಿತು. ನೋಡಿದ.

"ಮಾರೇಶಣ್ಣ" ಅಂದ. "ಕುಂದ್ರು. ನಡುವ ಕುಂದ್ರು."

ಕೂತೆ. ಮಾಸ್ಕು ತೆಗೆದೆ. ಅವನು ಮತ್ತೆ ಹುಟ್ಟು ಹಾಕಿದ. ನೀರು ಕಪ್ಪಗಿತ್ತು.

"ಅವ್ವ ಆರಾಮದಾಳ?"

"ನಮ್ಮವ್ವನ ಸುದ್ದಿ ಎತ್ತಬ್ಯಾಡ."

"ಹೊಡಿಯಾಕ ಬಂದಿ."

"ಕೊಲ್ಲಾಕ ಬಂದೀನಿ."

"ದಡಕ್ಕ ಹೋಗಾಣ. ನೀರಾಗ ಬ್ಯಾಡ."

ನೀರಿನ ಮೇಲಿರುವಾಗ ಒಬ್ಬರ ಮೇಲೊಬ್ಬರು ಕೈ ಎತ್ತಬಾರದು. ಅದು ತೆಪ್ಪದವರ ಕಟ್ಟಳೆ, ಅಪ್ಪ ಮೊದಲ ದಿನ ಹೇಳಿಕೊಟ್ಟದ್ದು. ಇವನ ಬಾಯಿಂದ ಅದು ಬಂದಾಗ ನನ್ನ ಕಣ್ಣು ಕತ್ತಲಾಯಿತು.

"ಯಲ್ಲೇಶನ್ನ ಎಲ್ಲಿ ಹೊಡ್ದಿಯಲೇ? ದಡದಾಗೇನು?"

"ನೀರಾಗ" ಅಂದ. "ಅದಕ್ಕ ಹೇಳಾಕತ್ತೀನಿ."

ದಡ ಮುಟ್ಟಿತು. ಮೊದಲು ಅವನು ಇಳಿದ. ಹುಟ್ಟನ್ನು ತೆಪ್ಪದಲ್ಲೇ ಬಿಟ್ಟ. ತೆಪ್ಪ ಮರಳಿಗೆ ಎಳೆದ. ಬೆನ್ನು ತಿರುಗಿಸಿ ನಿಂತ. ಓಡಲಿಲ್ಲ.

ಹುಟ್ಟು ಎತ್ತಿಕೊಂಡೆ. ಮೊದಲ ಏಟು ಭುಜಕ್ಕೆ. ಎರಡನೆಯದು ಮೊಣಕಾಲಿಗೆ, ಒಣ ಕಟ್ಟಿಗೆ ಮುರಿದ ಸದ್ದು ಬಂತು. ಬಿದ್ದು ತಿರುಗಿದ, ಆಗ ದವಡೆಗೆ. ಮರಳಿನ ಮೇಲೆ ಹಲ್ಲು ಬಿದ್ದವು. ಒಮ್ಮೆಯೂ ಕೈ ಅಡ್ಡ ಹಿಡಿಯಲಿಲ್ಲ ಅವನು. ಹಿಡಿ, ಲೇ ಅಂತ ಕೂಗಿದೆ. ಹಿಡಿಯಲಿಲ್ಲ. ಕಿವಿಯ ಹಿಂದೆ ನೋಡಿ ಬೀಸಿದೆ. ಮಸ್ತ್ ಅನಿಸಲಿಲ್ಲ. ಯಲ್ಲೇಶನ ಮುಖ ಕಾಣುತ್ತದೆ ಅಂದುಕೊಂಡಿದ್ದೆ. ಕಂಡದ್ದು ಇವನ ಕಿವಿ, ಅದರಿಂದ ಸುರಿಯುವ ರಕ್ತ.

ಗುಡಿಸಲಿಂದ ಹೆಂಗಸು ಬಂದಳು. ಅವಳೇ, ಹಂಪಿಯ ಗೆಸ್ಟ್‌ಹೌಸಿನಲ್ಲಿದ್ದವಳು. ರೋಸಾ. ಕೈಯಲ್ಲಿ ಜೋಳದ ಹಿಟ್ಟು ಮೆತ್ತಿತ್ತು. ಕಿರುಚಲಿಲ್ಲ. ನನ್ನನ್ನು ನೋಡಿದಳು, ಹುಟ್ಟು ನೋಡಿದಳು. ಅವಳಿಗೆ ನಾನು ಯಾರು ಅಂತ ಗೊತ್ತಿತ್ತು. ಇಷ್ಟು ವರ್ಷ ಇಬ್ಬರೂ ನನಗೇ ಕಾಯುತ್ತಿದ್ದರು ಅನಿಸುತ್ತದೆ.

ಮೀನಿನ ದೋಣಿಗಳೆಲ್ಲ ಸಮುದ್ರಕ್ಕೆ ಹೋಗಿದ್ದವು. ಡಾಕ್ಟರು, ಮೋಟಾರ್ ದೋಣಿ ಎರಡೂ ಈ ಕಡೆ ದಡದಲ್ಲಿ. ಇದ್ದದ್ದು ತೆಪ್ಪ ಒಂದೇ. ಬಾರದವರು ಹುಟ್ಟು ಹಾಕಿದರೆ ತೆಪ್ಪ ನಿಂತಲ್ಲೇ ಬುಗುರಿಯಾಗುತ್ತದೆ. ಅಲ್ಲಿ ತೆಪ್ಪ ಬಿಡಲು ಬರುತ್ತಿದ್ದವರು ಇಬ್ಬರೇ. ಒಬ್ಬ ಮರಳಿನಲ್ಲಿ ಬಿದ್ದಿದ್ದ.

ರೋಸಾ ಅವನ ಕಂಕುಳಿಗೆ ಕೈ ಹಾಕಿ ಎಳೆಯತೊಡಗಿದಳು. ಕಾಲು ಹಿಡಿ ಅಂತ ಕಣ್ಣಲ್ಲೇ ಹೇಳಿದಳು. ಹಿಡಿದೆ.

ನಡುನೀರಿನಲ್ಲಿ ಹುಟ್ಟು ನಿಲ್ಲಿಸಿದೆ. ಇದನ್ನೂ ಬರೆಯಬೇಕು. ಬೇಕಂತಲೇ ನಿಲ್ಲಿಸಿದೆ. ತೆಪ್ಪ ಮೆಲ್ಲಗೆ ತಿರುಗತೊಡಗಿತು. ಅವನು ಉಸಿರಿಗೆ ಒದ್ದಾಡುತ್ತಿದ್ದ. ಹೊಡೆಯಬೇಕಿರಲಿಲ್ಲ, ಸುಮ್ಮನೆ ಕೂತರೆ ಸಾಕಿತ್ತು.

"ಜಲ್ದಿ" ಅಂದಳು ರೋಸಾ. ನಮ್ಮ ಮಾತಿನಲ್ಲಿ. ಅವನೇ ಕಲಿಸಿರಬೇಕು. "ಜಲ್ದಿ, ಅಣ್ಣ."

ಕೊಲ್ಲಬೇಕು ಅಂತಲೇ ಇಷ್ಟು ದೂರ ಬಂದವನು ನಾನು. ಅವನು ಸಾಯುತ್ತಾನೆ ಅಂತ ಭಯ ಆಯಿತು. ಹುಟ್ಟು ಹಾಕಿದೆ. ಅಂಗೈ ಸುಲಿದು ಹೋಗುವ ಹಾಗೆ ಹಾಕಿದೆ. ಯಾಕೆ ಅಂತ ಗೊತ್ತಿಲ್ಲ, ನನ್ನ ಮೇಲೇ ಸಿಟ್ಟು ಬರುತ್ತಿದೆ.

ಪೊಲೀಸಿನವನು ಬಂದಿದ್ದಾನೆ. ಒಳಗೆ ಹೋದ.

ಅದೇ ದಿನ, 5.30

ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಪೊಲೀಸಿನವನು ನನ್ನ ಕಡೆ ಬೆರಳು ತೋರಿಸಿ ಏನೋ ಕೇಳಿದ. ಮುರುಗೇಶನ ದವಡೆಗೆ ಬಟ್ಟೆ ಸುತ್ತಿತ್ತು. ಎರಡೇ ಶಬ್ದ ಹೇಳಿದ. ಆ್ಯಪಿನ ಪುಣ್ಯ, ನನಗೆ ತಿಳಿಯಿತು.

ನಾನು ಬಿದ್ದೆ.

ಪೊಲೀಸಿನವನು ರೋಸಾಳನ್ನು ಕೇಳಿದ. ಹೌದು, ಬಂಡೆ ಮೇಲಿಂದ ಬಿದ್ದ ಅಂದಳು. ಅವನು ಬರೆದುಕೊಂಡು ಹೋದ. ಹೋಗುವಾಗ ನನ್ನ ಬೆನ್ನು ತಟ್ಟಿದ, ದಾಟಿಸಿ ತಂದದ್ದಕ್ಕೆ.

ಎಂಟು ವರ್ಷದ ಹಿಂದೆ ಹಂಪಿಯ ದಡದಲ್ಲಿ ಇವನು ಹೇಳಿದ್ದೂ ಅದನ್ನೇ. ಯಲ್ಲೇಶ ಬಂಡೆ ಮೇಲಿಂದ ಬಿದ್ದ ಅಂತ. ಆಗಲೂ ಬರೆದುಕೊಂಡರು, ಹೋದರು. ಆಗ ಅವನು ಉಳಿದ. ಈಗ ನಾನು.

ಒಳಗೆ ನುಗ್ಗಿ ಅವನ ಕತ್ತು ಹಿಚುಕಬೇಕು ಅನಿಸಿತು. ಬೇಡಿ ಹಾಕಿಸಿದ್ದರೆ ತಲೆ ಎತ್ತಿಕೊಂಡು ಹೋಗುತ್ತಿದ್ದೆ. ಇವನು ನನ್ನನ್ನು ತನ್ನ ಸಾಲಿನಲ್ಲಿ ಕೂರಿಸಿಕೊಂಡ.

ಜನವರಿ 18, ಬೆಳಿಗ್ಗೆ

ಬದುಕುತ್ತಾನಂತೆ. ಒಂದು ಕಿವಿ ಹೋಯಿತು. ಕಾಲು ಸರಿಯಾಗುವುದಿಲ್ಲ. ಪಿಕಪ್ಪಿನಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ದರು. ನಾನು ಹೋಗಬಹುದು ಅಂದರು. ಎಲ್ಲಿಗೆ ಅಂತ ಹೇಳಲಿಲ್ಲ.

ಕ್ರಾಸಿನವರೆಗೆ ನಡೆದು ಬಂದೆ. ಇಲ್ಲಿ ನೆಟ್‌ವರ್ಕ್ ಸಿಕ್ಕಿತು. ಸಿಕ್ಕ ಕೂಡಲೇ ಅವ್ವನ ಫೋನು.

"ಸಿಕ್ಕನೇನು?"

"ಸಿಕ್ಕ."

"ಸತ್ತನೇನು?"

ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಹೊಡೆದೆ ಅವ್ವ, ಆದರೆ ಕೈ ಬರಲಿಲ್ಲ ಅಂತ. ಬಾಯಿ ತೆಗೆದರೆ ಬೇರೆಯೇ ಬಂತು.

"ಬಿದ್ದ, ಅವ್ವ. ಬಂಡೆ ಮ್ಯಾಲಿಂದ."

ಆ ಕಡೆ ಅವಳು ಎಲೆ ಅಡಿಕೆ ಉಗಿದದ್ದು ಕೇಳಿಸಿತು.

"ಈ ಮಾತು ನಾ ಒಮ್ಮೆ ಕೇಳೀನಿ" ಅಂದಳು. "ಈಗ ಅಂದೋರು ಯಾರಲೇ? ಅವನೋ, ನೀನೋ?"

"ನಾನು" ಅಂದೆ.