ಏರಿಯ ಮೇಲಿನ ಕುರಿಗಳು

ಹಾರ್ಲಿಂಗನ್, ನವೆಂಬರ್ ೧೪, ಗುರುವಾರ

ಹಿಲ್ಕೆ ಇವತ್ತೂ ಗೆದ್ದಳು. ಗಾಜು ಒಡೆದ ಹಳೇ ಫೋನ್ ಹಿಡಿದುಕೊಂಡು ಓಡಾಡುವ ಆ ಮೀನಂಗಡಿಯ ಹಿಲ್ಕೆ! ನನ್ನ ಒಂದು ಲೆನ್ಸ್ ಅಂಥ ಆರು ಫೋನುಗಳಷ್ಟು ತೂಗುತ್ತದೆ. ಹೊಟ್ಟೆ ಉರಿಯುತ್ತಿದೆ. ಈ ಡೈರಿಯಲ್ಲಾದರೂ ನಿಜ ಬರೆಯುತ್ತೇನೆ.

ನಮ್ಮ ಫೋಟೋ ಕ್ಲಬ್ಬಿನಲ್ಲಿ ಚಿತ್ರದ ಮೇಲೆ ಹೆಸರಿರುವುದಿಲ್ಲ. ಎಲ್ಲರೂ ಅಂಕ ಹಾಕಿದ ಮೇಲೆಯೇ ಯಾರದೆಂದು ಹೇಳುವುದು. ಐದನೆಯ ಚಿತ್ರ ಬಂದಾಗ ಮೊದಲು ನಕ್ಕವನು ನಾನೇ. ಸಂಜೆಯ ಕೆಂಪು ಬೆಳಕು, ಕಡಲ ಏರಿಯ ಮೇಲೆ ಸಾಲಾಗಿ ನಿಂತ ಕುರಿಗಳು. ಕೆಳಗೆ ಹಸಿರು ಟೋಪಿಯವನೊಬ್ಬ ಚೀಲದ ಮೇಲೆ ಬಗ್ಗಿ ಲೆನ್ಸ್ ಹುಡುಕುತ್ತಿದ್ದಾನೆ; ಅಷ್ಟೂ ಕುರಿಗಳು ಅವನ ಬೆನ್ನನ್ನೇ ನೋಡುತ್ತಿವೆ.

"ಯಾರಪ್ಪಾ ಈ ಪೆದ್ದ? ಇಂಥಾ ಬೆಳಕು ಬಿಟ್ಟು ಚೀಲ ಕೆದಕ್ತಾ ಕೂತಿದಾನಲ್ಲ!" ಎಂದೆ. ಹತ್ತಕ್ಕೆ ಹತ್ತು ಹಾಕಿದೆ.

ಪಕ್ಕದಲ್ಲಿದ್ದ ವೀಬ ಮೆಲ್ಲಗೆ ಕೇಳಿದ: "ಲೋ ಡೌವ, ಆ ಹಸಿರು ಟೋಪಿ ನಿನ್ ಹೆಂಡ್ತಿ ಹೆಣೆದಿದ್ದಲ್ವೇನೋ?"

ಆ ಸಂಜೆ ಲೆನ್ಸ್ ಬದಲಾಯಿಸಿ ತಲೆ ಎತ್ತುವಷ್ಟರಲ್ಲಿ ಬೆಳಕು ಹೋಗಿಬಿಟ್ಟಿತ್ತು. ಹಿಂದೆ ಕುರಿಗಳಿದ್ದದ್ದೇ ನನಗೆ ಗೊತ್ತಿಲ್ಲ, ಹಿಲ್ಕೆ ಇದ್ದದ್ದೂ ಗೊತ್ತಿಲ್ಲ.

ಕಾಫಿಗೆ ಎದ್ದಾಗ ಅವಳೇ ಬಂದಳು. "ಬೇಜಾರಾಯ್ತೇನೋ? ನಿಂಗೂ ಒಂದು ಪ್ರಿಂಟ್ ಹಾಕಿಸ್ಕೊಡ್ಲಾ?"

"ಬೇಡಮ್ಮ, ನನ್ನ ಬೆನ್ನು ನಂಗೇನಕ್ಕೆ?" ಎಂದೆ.

ಅವಳು ಗೆದ್ದದ್ದು ಒಂದೇ ಒಂದು ಅಂಕದಿಂದ. ಎರಡನೆಯವನು ನಾನು. ಆ ಹತ್ತರ ಬದಲು ಎಂಟು ಹಾಕಿದ್ದರೆ ಇವತ್ತು ಬಹುಮಾನ ನನ್ನ ಮೇಜಿನ ಮೇಲಿರುತ್ತಿತ್ತು.

ಆದರೆ ಎಂಟು ಹಾಕುವ ಚಿತ್ರವಲ್ಲ ಅದು. ಉರಿಯುತ್ತಿರುವುದೇ ಅದಕ್ಕೆ.